ಇಶಿ ಮಾಡಿದ ಗಿಡ್ಡ ಬಿಲ್ಲು

1/9
ದಸರಾ ರಜೆಗೆ ಅಜ್ಜಿ ಊರಿಗೆ ಹೋಗಿದ್ದಾಗ ತಮ್ಮನಿಗೆ ಒಂದು ಬಿಲ್ಲು ಮಾಡಿಕೊಟ್ಟೆ. ಹಿತ್ತಲಿನ ಬಿದಿರು ಸೀಳಿ, ಅಡುಗೆಮನೆ ಚಾಕುವಿನಲ್ಲಿ ಹೆರೆದು, ನೈಲಾನ್ ದಾರ ಕಟ್ಟಿದೆ. ಒಟ್ಟು ನಲವತ್ತು ನಿಮಿಷದ ಕೆಲಸ. ತಮ್ಮ ರೀಲ್‌ಗೆ ಅಂತ ಪೋಸ್ ಕೊಟ್ಟು ಎಳೆದ. ಫಟ್! ಎರಡು ತುಂಡು. ಒಂದು ತುಂಡು ಅವನ ಕೆನ್ನೆ ಗೀರಿಕೊಂಡು ಹೋಯ್ತು, ಕಣ್ಣಿಂದ ಸರಿಯಾಗಿ ಎರಡು ಬೆರಳು ಕೆಳಗೆ. ಅಮ್ಮ ಬೈದಿದ್ದನ್ನ ಬರೆದರೆ ಅದೇ ಒಂದು ಸೀರೀಸ್ ಆಗುತ್ತೆ, ಬಿಡಿ.

ನನಗೆ ಕೊರೀತಿದ್ದಿದ್ದು ಬೇರೆ. ಬಿದಿರು ಚೆನ್ನಾಗೇ ಬಾಗುತ್ತಲ್ಲ, ಮತ್ತೆ ಯಾಕೆ ಮುರೀತು? ಸಾವಿರಾರು ವರ್ಷದಿಂದ ಜನ ಕಲ್ಲು, ಚಿಪ್ಪು ಹಿಡಿದು ಬಿಲ್ಲು ಮಾಡ್ಕೊಂಡು ಊಟ ಸಂಪಾದಿಸಿದ್ದಾರೆ. ನನ್ನ ಕೈಯಲ್ಲಿ ಸ್ಟೀಲ್ ಚಾಕು ಇತ್ತು, ಯೂಟ್ಯೂಬ್ ಇತ್ತು. ಆದ್ರೂ ಆಗ್ಲಿಲ್ಲ.

ಹುಡುಕ್ತಾ ಹುಡುಕ್ತಾ ಒಬ್ಬರ ಹತ್ತಿರ ಬಂದು ನಿಂತೆ. ಈ ಸಲದ ಸೀರೀಸ್ ಪೂರ್ತಿ ಅವರ ಬಗ್ಗೆ. ಅಮೆರಿಕದ ಕ್ಯಾಲಿಫೋರ್ನಿಯಾ, 1911ನೇ ಇಸವಿ. ಮೊದಲೇ ಹೇಳ್ತೀನಿ, ಇದು ಖುಷಿಯ ಕಥೆ ಅಲ್ಲ. ಆದ್ರೆ ಬಿಲ್ಲು ಮಾಡೋದು ಹೇಗೆ ಅನ್ನೋದು ಇದರಲ್ಲಿ ನಿಜವಾಗ್ಲೂ ಇದೆ, ಅಳತೆ ಸಮೇತ.

2/9
1911ರ ಆಗಸ್ಟ್ 29. ಓರೋವಿಲ್ ಅನ್ನೋ ಊರಿನ ಹೊರಗೆ ಒಂದು ಕಸಾಯಿಖಾನೆ. ಅಲ್ಲಿನ ದನದ ದೊಡ್ಡಿ ಹತ್ತಿರ ಒಬ್ಬ ಮನುಷ್ಯ ನಿತ್ರಾಣ ಆಗಿ ಸಿಕ್ಕರು. ಸುಮಾರು ಐವತ್ತು ವರ್ಷ ಇರಬಹುದು. ಹೊಟ್ಟೆ ಬೆನ್ನಿಗೆ ಹತ್ತಿದೆ. ತಲೆಗೂದಲನ್ನ ಸುಟ್ಟು ಗಿಡ್ಡ ಮಾಡ್ಕೊಂಡಿದ್ದಾರೆ. ಅವರ ಜನರಲ್ಲಿ ಸಾವಿನ ಸೂತಕಕ್ಕೆ ಹಾಗೆ ಮಾಡ್ತಾರೆ. ಏನು ಮಾಡಬೇಕು ಅಂತ ಗೊತ್ತಾಗದೆ ಶೆರಿಫ್ ಅವರನ್ನ ಜೈಲಿನಲ್ಲಿ ಕೂರಿಸಿದರು. ಅವರಾಡೋ ಮಾತು ಅಲ್ಲಿ ಯಾರಿಗೂ ಅರ್ಥ ಆಗ್ತಿರಲಿಲ್ಲ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ ಥಾಮಸ್ ವಾಟರ್‌ಮನ್ ಅನ್ನೋ ಮಾನವಶಾಸ್ತ್ರಜ್ಞ ಬಂದರು, ಕೈಯಲ್ಲಿ ಯಾನಾ ಭಾಷೆಯ ಪದಗಳ ಪಟ್ಟಿ. ಪಕ್ಕದಲ್ಲಿ ಕೂತು ಒಂದೊಂದೇ ಪದ ಓದ್ತಾ ಹೋದರು. ಏನೂ ಪ್ರತಿಕ್ರಿಯೆ ಇಲ್ಲ. ಕೊನೆಗೆ 'ಸಿವಿನಿ' ಅಂದರು, ಅಂದ್ರೆ ಹಳದಿ ಪೈನ್ ಮರ. ಕೂತಿದ್ದ ಮಂಚದ ಕಟ್ಟನ್ನ ಬಡಿದು ತೋರಿಸಿದರು. ಆ ಮನುಷ್ಯನ ಮುಖ ಅರಳಿಹೋಯ್ತು. ಅವರೂ ಮಂಚ ತಟ್ಟಿ ಸಿವಿನಿ, ಸಿವಿನಿ ಅಂದರು.

ಎರಡು ಲೋಕದ ನಡುವೆ ದಾಟಿದ ಮೊದಲ ಪದ ಒಂದು ಮರದ ಹೆಸರು. ನಾನು ಇಲ್ಲೇ ಫೋನ್ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಅವರು ಯಾನಾ ಜನರ ದಕ್ಷಿಣದ ಗುಂಪಾದ ಯಾಹಿ ಬುಡಕಟ್ಟಿನವರು. ಸ್ವಂತ ಹೆಸರನ್ನ ಕೊನೆವರೆಗೂ ಯಾರಿಗೂ ಹೇಳಲಿಲ್ಲ. ಆಲ್ಫ್ರೆಡ್ ಕ್ರೋಬರ್ ಅನ್ನೋ ಪ್ರೊಫೆಸರ್ 'ಇಶಿ' ಅಂತ ಕರೆದರು. ಅವರ ಭಾಷೆಯಲ್ಲಿ ಇಶಿ ಅಂದ್ರೆ ಮನುಷ್ಯ, ಅಷ್ಟೇ.

ಇಲ್ಲೊಂದು ವಿಷಯ ಒಪ್ಪಿಕೋಬೇಕು. ಇದರ ಮೊದಲ ಡ್ರಾಫ್ಟ್ ಅಜ್ಜಿಗೆ ಓದಿ ಹೇಳಿದ್ದೆ. ಅಜ್ಜಿ ಮಧ್ಯದಲ್ಲೇ ತಡೆದು, "ಅಲ್ಲ ಕಣೇ, ಪ್ರೊಫೆಸರ್‌ಗೆ ಬಂದರು ಹೋದರು ಅಂತೀಯ, ಡಾಕ್ಟರ್‌ಗೂ ಅಂತೀಯ. ಈ ಪುಣ್ಯಾತ್ಮನಿಗೆ ಮಾತ್ರ ಯಾಕೆ ಬಂದ ಹೋದ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಕೂತು ಎಲ್ಲಾ ತಿದ್ದಿದೆ.

3/9
ಬಿಲ್ಲಿಗೆ ಬರ್ತೀನಿ. ಅದಕ್ಕಿಂತ ಮುಂಚೆ ಅದು ಯಾಕೆ ಅಷ್ಟು ಗಿಡ್ಡ ಇತ್ತು, ಅಷ್ಟು ಮುಖ್ಯ ಆಗಿತ್ತು ಅಂತ ಗೊತ್ತಾಗಬೇಕು.

1848ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಸಿಕ್ತು. ಜನ ಪ್ರವಾಹದ ಹಾಗೆ ನುಗ್ಗಿದರು. ಚಿನ್ನ ಸೋಸೋದಕ್ಕೆ ಹೊಳೆ ಕೆಡಿಸಿದ್ದರಿಂದ ಸಾಲ್ಮನ್ ಮೀನಿಗೆ ಹೊಡೆತ ಬಿತ್ತು, ದನ ಕುರಿ ಬಿಟ್ಟಿದ್ದರಿಂದ ಜಿಂಕೆಗೆ ಮೇವು ಹೋಯ್ತು. ಆಮೇಲೆ ಬಂದೂಕು ಬಂತು. 1860ರ ದಶಕದಲ್ಲಿ ವಲಸಿಗರ ಗುಂಪುಗಳು ಯಾಹಿಗಳನ್ನ ಹುಡುಕಿ ಹುಡುಕಿ ಕೊಂದವು, ಹೆಂಗಸರು ಮಕ್ಕಳು ಅಂತ ನೋಡದೆ. ಆಗ ಇಶಿ ಚಿಕ್ಕ ಮಗು. (2019ರಲ್ಲಿ ಕ್ಯಾಲಿಫೋರ್ನಿಯಾದ ಗವರ್ನರ್ ಆ ಕಾಲದ ಹಿಂಸೆಗೆ ಅಧಿಕೃತವಾಗಿ ಕ್ಷಮೆ ಕೇಳಿದರು. ನರಮೇಧ ಅಂತಲೇ ಕರೆದರು.)

ಉಳಿದ ಕೆಲವೇ ಜನ ಡೀರ್ ಕ್ರೀಕ್ ಅನ್ನೋ ಹೊಳೆಯ ಕಣಿವೆಯಲ್ಲಿ ಸುಮಾರು ನಲವತ್ತು ವರ್ಷ ಯಾರ ಕಣ್ಣಿಗೂ ಬೀಳದ ಹಾಗೆ ಬದುಕಿದರು. ಯೋಚಿಸಿ ನೋಡಿ. ಕೊಡಲಿ ಏಟು ಹಾಕೋ ಹಾಗಿಲ್ಲ, ಸದ್ದು ಕೇಳುತ್ತೆ. ದೊಡ್ಡ ಬೆಂಕಿ ಹಾಕೋ ಹಾಗಿಲ್ಲ, ಹೊಗೆ ಕಾಣುತ್ತೆ. ನಡೆದ ಹೆಜ್ಜೆ ಗುರುತನ್ನೂ ಅಳಿಸಬೇಕು. ಅಂಥ ಜಾಗದಲ್ಲಿ ಸದ್ದಿಲ್ಲದೆ ಜಿಂಕೆ ಹೊಡೀಬೇಕು ಅಂದ್ರೆ ಇರೋದು ಬಿಲ್ಲು. ಅದೂ ಮುಳ್ಳುಪೊದೆ ಒಳಗೆ ಬಗ್ಗಿ, ತೆವಳಿ, ಕುಕ್ಕರಗಾಲಲ್ಲಿ ಕೂತು ಹೊಡೆಯೋ ಅಂಥದ್ದು. ಆಳೆತ್ತರದ ಇಂಗ್ಲಿಷ್ ಬಿಲ್ಲು ಅಲ್ಲಿ ಕೊಂಬೆಗೆ ಸಿಕ್ಕಿಹಾಕಿಕೊಳ್ಳುತ್ತೆ. ಗಿಡ್ಡ ಬಿಲ್ಲಿಗೆ ಆ ಕಾಟ ಇಲ್ಲ.

1908ರ ನವೆಂಬರ್ ಹೊತ್ತಿಗೆ ಉಳಿದಿದ್ದು ನಾಲ್ಕೇ ಜನ. ಇಶಿ, ಅವರ ವಯಸ್ಸಾದ ತಾಯಿ, ಒಬ್ಬ ಮುದುಕರು, ಒಬ್ಬ ಹೆಣ್ಣುಮಗಳು. ಅವರಿದ್ದ ಜಾಗಕ್ಕೆ 'ಗ್ರಿಜ್ಲಿ ಕರಡಿಯ ಅಡಗುತಾಣ' ಅನ್ನೋ ಅರ್ಥದ ಹೆಸರು. ಅಲ್ಲಿಗೆ ಸರ್ವೇ ಮಾಡೋರ ಒಂದು ತಂಡ ಬಂತು. ಉಳಿದವರು ತಪ್ಪಿಸಿಕೊಂಡರು. ನಡೆಯೋಕಾಗದ ತಾಯಿ ಮಾತ್ರ ಹೊದಿಕೆ ಕೆಳಗೆ ಅಡಗಿ ಮಲಗಿದ್ದರು. ತಂಡದವರು ಆ ತಾಯಿಗೆ ಏನೂ ಮಾಡಲಿಲ್ಲ. ಆದ್ರೆ ಬೇಟೆ ಸಾಮಾನು, ಬುಟ್ಟಿ, ಚರ್ಮದ ಹೊದಿಕೆ, ಕೈಗೆ ಸಿಕ್ಕಿದ್ದನ್ನೆಲ್ಲ ನೆನಪಿನ ಕಾಣಿಕೆ ಅಂತ ಎತ್ಕೊಂಡು ಹೋದರು.

ಅದಾದ ಮೇಲೆ ತಾಯಿ ಜಾಸ್ತಿ ದಿನ ಬದುಕಲಿಲ್ಲ. ಆ ಮುದುಕರೂ ಆ ಹೆಣ್ಣುಮಗಳೂ ಇಶಿಗೆ ಮತ್ತೆ ಸಿಗಲೇ ಇಲ್ಲ.

ಬೇಟೆ ಸಾಮಾನು ಹೋದರೆ ಏನಾಯ್ತು, ಇನ್ನೊಂದು ಮಾಡ್ಕೋಬಹುದಲ್ಲ ಅಂತ ನನಗೂ ಅನ್ನಿಸಿತ್ತು. ಮುಂದಿನ ಎರಡು ಭಾಗ ಓದಿ.

4/9
ಈಗ ಬಿಲ್ಲು. ಈ ವಿವರ ಎಲ್ಲ ನಮಗೆ ಸಿಗೋದು ಸ್ಯಾಕ್ಸ್‌ಟನ್ ಪೋಪ್ ಅನ್ನೋ ಡಾಕ್ಟರ್ ಇಶಿ ಪಕ್ಕ ಕೂತು, ನೋಡಿ, ಅಳೆದು ಬರೆದಿದ್ದರಿಂದ. 1918ರಲ್ಲಿ ಯಾಹಿ ಬಿಲ್ಲುಗಾರಿಕೆ ಬಗ್ಗೆ, 1923ರಲ್ಲಿ ಬಿಲ್ಲು ಬೇಟೆ ಬಗ್ಗೆ ಅವರ ಪುಸ್ತಕಗಳು ಬಂದವು.

ಉದ್ದ 42 ಇಂಚು. ಆದ್ರೆ ಇಶಿಗೆ ಇಂಚು ಯಾಕೆ ಬೇಕು? ಕೈ ಅಡ್ಡಕ್ಕೆ ಚಾಚಿ, ಆ ಅಂಗೈಯಿಂದ ಇನ್ನೊಂದು ಕಡೆಯ ಸೊಂಟದವರೆಗೆ ಎಷ್ಟೋ ಅಷ್ಟು ಅವರ ಬಿಲ್ಲು. ಅಜ್ಜಿ ಹೂವನ್ನ ಮೊಳದಲ್ಲಿ ಅಳೀತಾರಲ್ಲ, ಅದೇ ಲೆಕ್ಕ. ನಮ್ಮ ಗೇಣಿನಲ್ಲಿ ಹೇಳೋದಾದ್ರೆ ನಾಲ್ಕೂವರೆ ಗೇಣಿಗಿಂತ ಒಂಚೂರು ಜಾಸ್ತಿ. ಇದರಲ್ಲಿ ಒಂದು ಬುದ್ಧಿವಂತಿಕೆ ಇದೆ: ಬಿಲ್ಲು ಹಿಡಿಯೋ ಮೈಗೆ ಸರಿಯಾಗಿ ಬಿಲ್ಲಿನ ಅಳತೆ ಬರುತ್ತೆ. ನಿಮ್ಮ ಬಿಲ್ಲು ನಿಮ್ಮದೇ, ನನ್ನದು ನನ್ನದೇ.

ಮರ ಬೆಟ್ಟದ ಮೇಲೆ ಬೆಳೆಯೋ ಜುನಿಪರ್. ಕೊಂಬೆಯನ್ನ ಗರಗಸದಲ್ಲಿ ಕುಯ್ಯಲ್ಲ, ಸೀಳ್ತಾರೆ. ಯಾಕೆ ಗೊತ್ತಾ? ಮರದ ಒಳಗೆ ಎಳೆಗಳು ಉದ್ದಕ್ಕೆ ಓಡ್ತವೆ. ಸೀಳಿದಾಗ ಮರ ಎಳೆಯ ದಾರಿಯಲ್ಲೇ ಬಿಡುತ್ತೆ. ಕುಯ್ದರೆ ಎಲ್ಲೋ ಒಂದು ಕಡೆ ಎಳೆ ಅಡ್ಡಕ್ಕೆ ತುಂಡಾಗಿರುತ್ತೆ. ಬಾಗಿಸಿದಾಗ ಬಿರುಕು ಶುರು ಆಗೋದು ಅಲ್ಲಿಂದಲೇ. ತೊಗಟೆ ಕೆಳಗಿನ ಬಿಳಿ ಮರ ಇದೆಯಲ್ಲ, ಅದನ್ನೂ ಬಿಡದೆ ಬಿಲ್ಲಿನ ಹೊರಮೈಗೆ ಇಟ್ಟುಕೊಳ್ತಿದ್ದರು.

ಆಮೇಲೆ ಹೆರೆಯೋದು, ಮರಳುಗಲ್ಲಿಗೆ ಉಜ್ಜೋದು. ಹಿಡಿಯೋ ಜಾಗ ಸಣ್ಣ, ಅಗಲ ಒಂದೂಕಾಲು ಇಂಚು, ದಪ್ಪ ಮುಕ್ಕಾಲು ಇಂಚು. ಅಲ್ಲಿಂದ ಎರಡೂ ಕಡೆ ರೆಕ್ಕೆ ಹಾಗೆ ಅಗಲ ಆಗ್ತಾ ಎರಡು ಇಂಚು ಆಗುತ್ತೆ, ದಪ್ಪ ಮಾತ್ರ ಅರ್ಧ ಇಂಚಿಗೆ ಇಳಿಯುತ್ತೆ. ತುದಿಗೆ ಹೋಗ್ತಾ ಮತ್ತೆ ಕಿರಿದು. ಅಂದ್ರೆ ಬಾಗೋ ಕೆಲಸವನ್ನ ಪೂರ್ತಿ ರೆಕ್ಕೆ ಹಂಚಿಕೊಳ್ಳುತ್ತೆ. ಹಿಡಿ ಗಟ್ಟಿಯಾಗಿ ನಿಲ್ಲುತ್ತೆ.

ನನ್ನ ಬಿದಿರು ಮುರಿದ ಜಾಗ ತೆಗೆದು ನೋಡಿದೆ. ಒಂದು ಗೆಣ್ಣಿನ ಪಕ್ಕ ಚಾಕು ಸರಾಗವಾಗಿ ಓಡಿತ್ತು ಅಂತ ಖುಷಿಯಾಗಿ ಅಲ್ಲೇ ಜಾಸ್ತಿ ಹೆರೆದಿದ್ದೆ. ಹಾಗಾಗಿ ಇಡೀ ಬಿಲ್ಲು ಬಾಗೋ ಬದಲು ಅದೊಂದೇ ಜಾಗ ಬಾಗಿದೆ, ಬಾಗಿಲ ಕೀಲಿನ ಹಾಗೆ. ಗ್ರೂಪ್ ಪ್ರಾಜೆಕ್ಟ್‌ನಲ್ಲಿ ಒಬ್ಬರೇ ಎಲ್ಲಾ ಮಾಡೋ ಕಥೆ. ಯಾರು ಅಂತ ನಾನು ಟ್ಯಾಗ್ ಮಾಡಲ್ಲ.

ತುದಿಗಳನ್ನ ಕಾದ ಕಲ್ಲಿನ ಮೇಲೆ ಹಿಂದಕ್ಕೆ ಬಗ್ಗಿಸಿ, ಇನ್ನೊಂದು ಮರಕ್ಕೆ ಬಿಗಿದು ಕಟ್ಟಿ, ಕತ್ತಲೆ ಇರೋ ಒಣ ಜಾಗದಲ್ಲಿ ಇಡೋದು. ಎಷ್ಟು ದಿನ? ಕೆಲವು ತಿಂಗಳು. ಕೆಲವೊಮ್ಮೆ ವರ್ಷಗಳು.

ನನ್ನದು ನಲವತ್ತು ನಿಮಿಷ.

5/9
ಇಷ್ಟಾದ್ರೂ ಬಿಲ್ಲು ಇನ್ನೂ ಬಿಲ್ಲಾಗಿಲ್ಲ. ಸ್ವಲ್ಪ ಲೆಕ್ಕ ಮಾಡೋಣ, ಹೆದರಬೇಡಿ.

ಬಿಲ್ಲು ಬಗ್ಗಿದಾಗ ಗುರಿ ಕಡೆಗಿರೋ ಹೊರಮೈ ಹಿಗ್ಗುತ್ತೆ, ನಿಮ್ಮ ಕಡೆಗಿರೋ ಒಳಮೈ ಕುಗ್ಗುತ್ತೆ. ಮರಕ್ಕೆ ಹಿಗ್ಗೋ ಶಕ್ತಿಗೆ ಒಂದು ಮಿತಿ ಇದೆ. ಸಾದಾ ಮರದ ಬಿಲ್ಲನ್ನ ಅದರ ಉದ್ದದ ಅರ್ಧಕ್ಕಿಂತ ತುಂಬಾ ಜಾಸ್ತಿ ಎಳೆದರೆ ಅಪಾಯ. ಇಶಿ ಎಳೀತಿದ್ದಿದ್ದು ಸುಮಾರು 26 ಇಂಚು. ಬಿಲ್ಲು 42 ಇಂಚು. ಅಂದ್ರೆ ಶೇ. 62. ಬರೀ ಮರ ಆಗಿದ್ರೆ ತಮ್ಮನ ಕೆನ್ನೆ ಕಥೆಯೇ.

ಇದಕ್ಕೆ ಉತ್ತರ ಜಿಂಕೆಯ ಕಾಲಿನಲ್ಲಿದೆ. ಕಾಲಿನ ಹಿಂದೆ ಮಾಂಸವನ್ನ ಮೂಳೆಗೆ ಬಿಗಿಯೋ ಬಿಳಿ ನಾರು ಇರುತ್ತಲ್ಲ, ನಾವು ನರ ಅಂತೀವಿ, ಅದು. ಒಣಗಿಸಿದರೆ ಕಡ್ಡಿ ಹಾಗೆ ಗಟ್ಟಿ. ಇಶಿ ಅದನ್ನ ಬಾಯಲ್ಲಿ ಹಾಕ್ಕೊಂಡು ಅಗಿದು ಅಗಿದು ಮೆತ್ತಗೆ ಮಾಡಿ, ಎಳೆ ಎಳೆಯಾಗಿ ಬಿಡಿಸ್ತಿದ್ದರು. ಮೊದಲು ಬಿಲ್ಲಿನ ಹೊರಮೈಯನ್ನ ಒರಟು ಮಾಡಿ, ಸಾಲ್ಮನ್ ಮೀನಿನ ಚರ್ಮ ಕುದಿಸಿ ತೆಗೆದ ಅಂಟು ಬಳಿಯೋದು. (ಫೆವಿಕಾಲ್ ಬರೋಕ್ಕೆ ಮುಂಚೆ ಬಡಗಿಗಳು ಪ್ರಾಣಿ ಚರ್ಮ ಎಲುಬಿನ ಅಂಟನ್ನ ಕಾಯಿಸಿ ಹಚ್ತಿದ್ದರಲ್ಲ, ಅದರದ್ದೇ ಜಾತಿ.) ಅದು ಒಣಗಿದ ಮೇಲೆ ನಾರಿನ ಎಳೆಗಳನ್ನ ಒಂದರ ಕೊನೆ ಮೇಲೆ ಇನ್ನೊಂದರ ಕೊನೆ ಬರೋ ಹಾಗೆ, ಹೆಂಚು ಹೊದಿಸಿದ ಹಾಗೆ, ದಪ್ಪಗೆ ಹಾಸ್ತಾ ಹೋಗೋದು. ತುದಿಗಳಲ್ಲಿ ಸುತ್ತಲೂ ಸುತ್ತೋದು. ಮೇಲಿಂದ ವಿಲೋ ಮರದ ತೊಗಟೆಯ ಪಟ್ಟಿಯಲ್ಲಿ ಬ್ಯಾಂಡೇಜ್ ಕಟ್ಟಿ ಹಲವು ದಿನ ಒಣಗಿಸೋದು. ಬಿಚ್ಚಿ, ಅಂಚು ಸವರಿ, ಮತ್ತೆ ಅಂಟು ಬಳಿದು, ಮತ್ತೆ ಮರಳುಗಲ್ಲು. ಹಿಡಿಗೆ ನಾಲ್ಕು ಇಂಚು ಜಿಂಕೆ ಚರ್ಮದ ಪಟ್ಟಿ.

ನಾರು ಮರಕ್ಕಿಂತ ಎಷ್ಟೋ ಜಾಸ್ತಿ ಹಿಗ್ಗುತ್ತೆ, ಹರಿಯಲ್ಲ. ಒಣಗುವಾಗ ಕುಗ್ಗಿ ಮರವನ್ನ ಮುಂದಕ್ಕೆ ಎಳೆದು ಹಿಡ್ಕೊಳ್ಳುತ್ತೆ. ಹಾಗಾಗಿ ಗಿಡ್ಡ ಬಿಲ್ಲೂ ಮುರಿಯದೆ ಅಷ್ಟು ದೂರ ಬಾಗುತ್ತೆ, ಬಿಟ್ಟ ತಕ್ಷಣ ಚಿಮ್ಮುತ್ತೆ. ಈ ಬಿಲ್ಲಿನ ಎಳೆತ ಸುಮಾರು 45 ಪೌಂಡ್, ಅಂದ್ರೆ 20 ಕೆ.ಜಿ. ಬಾಣ ಸುಮಾರು 200 ಗಜ ಹೋಗ್ತಿತ್ತು.

ಈಗ ಮೂರನೇ ಭಾಗಕ್ಕೆ ವಾಪಸ್ ಬನ್ನಿ. ಬಿಲ್ಲಿಗೆ ನಾರು ಬೇಕು ಅಂದ್ರೆ ಜಿಂಕೆ ಬೇಕು. ಜಿಂಕೆ ಬೇಕು ಅಂದ್ರೆ ಬಿಲ್ಲು ಬೇಕು. ಅಂಟಿಗೆ ಸಾಲ್ಮನ್ ಬೇಕು, ಅದು ಹೊಳೆಗೆ ಬರೋ ಕಾಲಕ್ಕೇ ಬರಬೇಕು. ಮರ ತಿಂಗಳುಗಟ್ಟಲೆ ಒಣಗಬೇಕು. ನಮ್ಮ ಕಾಸ್ಟ್ ಅಕೌಂಟಿಂಗ್ ಪ್ರಕಾರ ಆ ಗುಡಿಸಲಲ್ಲಿದ್ದಿದ್ದು ಬರೀ ಸಾಮಾನಲ್ಲ. ಕಚ್ಚಾ ಸರಕು, ಅರ್ಧ ಆದ ಕೆಲಸ, ಉಪಕರಣ, ಸಿದ್ಧ ವಸ್ತು, ಎಲ್ಲ ಒಂದೇ ಕಡೆ. ಎತ್ಕೊಂಡು ಹೋದವರ ಕಣ್ಣಲ್ಲಿ ಅದರ ಬೆಲೆ ಗೋಡೆಗೆ ನೇತುಹಾಕೋ ಒಂದು ಅಲಂಕಾರದ್ದು. ಮತ್ತೆ ಮಾಡ್ಕೋಬೇಕಾದವರಿಗೆ ಅದರ ಬೆಲೆ ಎರಡು ಚಳಿಗಾಲ.

ಈ ಲೆಕ್ಕ ನಮ್ಮ ಯಾವ ಬ್ಯಾಲೆನ್ಸ್ ಶೀಟಿನಲ್ಲೂ ಕೂರಲ್ಲ.

6/9
ಹೆದೆ. ಅದೂ ಜಿಂಕೆ ನಾರೇ, ಇನ್ನೂ ತೆಳು ಎಳೆಗಳದ್ದು. ಅಗಿದು, ಹೊಸೆದು, ಹಸಿ ಇರುವಾಗಲೇ ಎರಡು ಕಡ್ಡಿ ಮಧ್ಯೆ ಬಿಗಿದು, ಎಂಜಲಲ್ಲೇ ಉಜ್ಜಿ ನುಣ್ಣಗೆ ಮಾಡೋದು. ಉದ್ದ 48 ಇಂಚು, ದಪ್ಪ ಇಂಚಿನ ಎಂಟನೇ ಒಂದು ಭಾಗ. ಒಂದು ತುದಿಗೆ ಕುಣಿಕೆ, ಇನ್ನೊಂದು ತುದಿಗೆ ಗಂಟು ಹಾಕೋಕೆ ಚರ್ಮದ ಪಟ್ಟಿ. ಬಾಣಕ್ಕೆ ಹೇಜಲ್ ಪೊದೆಯ ನೇರ ಕಡ್ಡಿ, ಹಕ್ಕಿ ಗರಿ, ತುದಿಗೆ ಜ್ವಾಲಾಮುಖಿ ಗಾಜಿನ ಮೊನೆ. ಪಟ್ಟಣದವರು ಬಿಸಾಕಿದ ಬಾಟಲಿ ಗಾಜಿನಲ್ಲೂ ಇಶಿ ಮೊನೆ ಕೆತ್ತುತ್ತಿದ್ದರು. ಆ ಮೊನೆಗಳ ಫೋಟೋ ನೋಡಿ, ಆಭರಣದ ಹಾಗಿವೆ.

ಅವರು ಎಳೀತಿದ್ದ ರೀತಿ ಅಲ್ಲಿನ ಬೇರೆ ಬುಡಕಟ್ಟುಗಳದ್ದಲ್ಲ. ಹೆಬ್ಬೆರಳನ್ನ ಹೆದೆಗೆ ಕೊಕ್ಕೆ ಹಾಕಿ ಎಳೆಯೋದು, ಏಷ್ಯಾದ ಬಿಲ್ಲುಗಾರರ ರೀತಿಗೆ ಹತ್ತಿರ. ಇದನ್ನ ಓದಿದಾಗ ನನಗೆ ನೆನಪಾಗಿದ್ದು ಏಕಲವ್ಯ. ಬೆರಳುಗಳಲ್ಲಿ ಎಳೆಯೋರಿಗೆ ಹೆಬ್ಬೆರಳು ಅಷ್ಟು ಮುಖ್ಯ ಅಲ್ಲ. ಹೆಬ್ಬೆರಳಲ್ಲಿ ಎಳೆಯೋರಿಗೆ ಅದು ಹೋದರೆ ವಿದ್ಯೆಯೇ ಹೋದ ಹಾಗೆ. ದ್ರೋಣರು ಬೇರೆ ಬೆರಳು ಯಾಕೆ ಕೇಳಲಿಲ್ಲ ಅಂತ ನನಗೆ ಅರ್ಥ ಆಗಿದ್ದು ಕ್ಯಾಲಿಫೋರ್ನಿಯಾ ಸುತ್ತಿ ಬಂದ ಮೇಲೆ.

ಬಿಲ್ಲಿಗೆ ಅವರು ಇಟ್ಟಿದ್ದ ನಿಯಮಗಳು ನನಗೆ ತುಂಬಾ ಇಷ್ಟ ಆದವು. ಹೆದೆ ಏರಿಸಿಯೇ ಬಿಟ್ಟರೆ, ನೆಟ್ಟಗೆ ನಿಲ್ಲಿಸಿದರೆ ಬಿಲ್ಲಿಗೆ ಸುಸ್ತಾಗುತ್ತೆ, ಬೆವರುತ್ತೆ. ಕೆಲಸ ಇಲ್ಲದಾಗ ಮಲಗಿಸಬೇಕು. ಯಾರೂ ದಾಟಬಾರದು. (ಅಜ್ಜಿ: "ಮಲಗಿರೋರನ್ನ ದಾಟಬಾರದು ಅಂತ ನಾನೂ ಹೇಳ್ತೀನಲ್ಲ!") ಮಕ್ಕಳು ಹಿಡೀಬಾರದು. ಹೆಂಗಸರು ಮುಟ್ಟಬಾರದು, ಮುಟ್ಟಿದರೆ ಬಾಣ ಸೊಟ್ಟ ಹೋಗುತ್ತೆ. ಹಾಗೇನಾದ್ರೂ ಆದ್ರೆ ಮರಳು ನೀರು ಹಾಕಿ ತೊಳೀಬೇಕು.

ಅಂದ್ರೆ ಇಶಿ ಪ್ರಕಾರ ನನ್ನ ಬಿದಿರು ಬಿಲ್ಲು ಮುರಿಯೋದಕ್ಕೆ ಬೇರೆ ಕಾರಣ ಹುಡುಕೋದೇ ಬೇಡ. ಮುಟ್ಟಬಾರದು ಅನ್ನೋ ಮಾತು ನಮ್ಮ ಮನೆಗಳಲ್ಲೂ ಏನು ಕಮ್ಮಿ ಇಲ್ಲ, ಹುಡುಗೀರಿಗೆ ಗೊತ್ತಿರುತ್ತೆ. ಇದನ್ನ ಒಪ್ಪಲ್ಲ ನಾನು. ಆದ್ರೆ ಸುಸ್ತಾಗುತ್ತೆ ಅನ್ನೋದು ಸುಳ್ಳಲ್ಲ. ಹೆದೆ ಬಿಗಿದೇ ಇಟ್ಟ ಮರ ಹಾಗೇ ಬಾಗಿ ಉಳಿದುಬಿಡುತ್ತೆ, ಚಿಮ್ಮೋ ಶಕ್ತಿ ಕಳ್ಕೊಳ್ಳುತ್ತೆ.

ಹೆದೆ ಏರಿಸಿದ ಬಿಲ್ಲನ್ನ ಬಾಣದಲ್ಲಿ ತಟ್ಟಿದರೆ ನಾದ ಬರಬೇಕು, ಆಗಲೇ ಅದು ಒಳ್ಳೆ ಬಿಲ್ಲು ಅಂತಿದ್ದರಂತೆ. ಒಂದು ತುದಿಯನ್ನ ತೆರೆದ ಬಾಯಿಯ ಅಂಚಿಗಿಟ್ಟು, ಹೆದೆ ತಟ್ಟುತ್ತಾ ಹಾಡ್ತಿದ್ದರು.

7/9
ಈ ಬಿಲ್ಲುಗಳನ್ನ ಇಶಿ ಮಾಡಿದ್ದು ಎಲ್ಲಿ ಅಂದುಕೊಂಡ್ರಿ? ಸ್ಯಾನ್ ಫ್ರಾನ್ಸಿಸ್ಕೋದ ಮ್ಯೂಸಿಯಂನಲ್ಲಿ.

1911ರ ಸೆಪ್ಟೆಂಬರ್‌ನಲ್ಲಿ ಅವರನ್ನ ವಿಶ್ವವಿದ್ಯಾಲಯದ ಮ್ಯೂಸಿಯಂಗೆ ಕರ್ಕೊಂಡು ಬಂದರು. ಅದೇ ಅವರ ಮನೆ ಆಯ್ತು. ಸಹಾಯಕ ಜಾಡಮಾಲಿ ಅಂತ ಕೆಲಸ, ತಿಂಗಳಿಗೆ 25 ಡಾಲರ್ ಸಂಬಳ. ಭಾನುವಾರ ಮಧ್ಯಾಹ್ನ ಜನ ಬಂದಾಗ ಬಾಣದ ಮೊನೆ ಕೆತ್ತೋದು, ಬೆಂಕಿ ಹೊತ್ತಿಸೋದು ತೋರಿಸ್ತಿದ್ದರು. ಪೇಪರ್‌ನವರು 'ಕೊನೆಯ ಕಾಡುಮನುಷ್ಯ' ಅಂತ ಬರೆದರು. ಸಂಬಳ ಕೊಡೋರ ಲೆಡ್ಜರ್‌ನಲ್ಲಿ ಜಾಡಮಾಲಿ, ಪೇಪರ್‌ನಲ್ಲಿ ಕಾಡುಮನುಷ್ಯ. ಗುರು ಅಂತ ಯಾವ ಕಾಲಂನಲ್ಲೂ ಇಲ್ಲ.

ಆದ್ರೆ ಗುರು ಆಗಿದ್ದರು. ಪಕ್ಕದ ಮೆಡಿಕಲ್ ಕಾಲೇಜಿಗೆ 1912ರಲ್ಲಿ ಪಾಠ ಮಾಡೋಕೆ ಬಂದವರೇ ಡಾಕ್ಟರ್ ಪೋಪ್. ಸರ್ಜನ್, ಬಿಲ್ಲು ಮುಟ್ಟಿದವರಲ್ಲ. ಇಶಿ ಕೆಲಸ ನೋಡಿ ಹುಚ್ಚು ಹಿಡೀತು. ಪಕ್ಕ ಕೂತು ಮರ ಹೆರೆಯೋದು ಕಲಿತರು, ಬಾಣ ಮಾಡೋದು ಕಲಿತರು, ಇಬ್ಬರೂ ಸೇರಿ ಬೇಟೆಗೆ ಹೋಗ್ತಿದ್ದರು.

ಪೋಪ್ ಬರೆದಿರೋದ್ರಲ್ಲಿ ನನಗೆ ಮಜಾ ಅನ್ನಿಸಿದ್ದು, ಇಶಿ ದೂರದ ಗುರಿಗೆ ಹೊಡೆಯೋದ್ರಲ್ಲಿ ಅಂಥಾ ಗಟ್ಟಿಗರೇನಲ್ಲ ಅನ್ನೋದು. ಒಲಿಂಪಿಕ್ಸ್ ಆಗಿದ್ರೆ ಮೊದಲ ರೌಂಡ್‌ನಲ್ಲೇ ಔಟ್. ಅವರ ವಿದ್ಯೆ ಇದ್ದಿದ್ದು ಹತ್ತಿರ ಹೋಗೋದ್ರಲ್ಲಿ. ಬೇಟೆಗೆ ಹಿಂದಿನ ದಿನ ಮೀನು ತಿನ್ನಲ್ಲ, ಹೊಗೆ ಸೇದಲ್ಲ, ಬೆಳಗ್ಗೆ ಹೊಳೆಯಲ್ಲಿ ಮಿಂದು ಮೈಗೆ ಸುವಾಸನೆ ಎಲೆ ಉಜ್ಜಿಕೊಳ್ತಾರೆ, ಪ್ರಾಣಿಗೆ ಮನುಷ್ಯನ ವಾಸನೆ ಹೊಡೀಬಾರದು ಅಂತ. ಬೆರಳನ್ನ ತುಟಿಗೆ ಒತ್ತಿ ಮುತ್ತಿಟ್ಟ ಹಾಗೆ ಸದ್ದು ಮಾಡಿದರೆ ಸಂಕಟದಲ್ಲಿರೋ ಮೊಲ ಕೂಗಿದ ಹಾಗೇ. ಅದನ್ನ ಕೇಳಿ ಪ್ರಾಣಿಗಳೇ ಹತ್ತಿರ ಬರ್ತವೆ. ಗಿಡ್ಡ ಬಿಲ್ಲು ಯಾಕೆ ಸಾಕಾಗ್ತಿತ್ತು ಅಂದ್ರೆ ಇದಕ್ಕೆ. ದೂರವನ್ನ ಬಾಣ ಅಲ್ಲ, ಮನುಷ್ಯ ನಡೆದು ಮುಗಿಸ್ತಿದ್ದ.

1914ರ ಬೇಸಿಗೆ ಶುರುವಿನಲ್ಲಿ ಕ್ರೋಬರ್, ವಾಟರ್‌ಮನ್, ಪೋಪ್ ಮತ್ತೆ ಪೋಪ್ ಅವರ ಮಗ ಸೇರಿ ಇಶಿಯನ್ನ ಡೀರ್ ಕ್ರೀಕ್‌ಗೆ ಕರ್ಕೊಂಡು ಹೋದರು. ಹೋಗೋಕೆ ಇಶಿಗೆ ಮೊದಲು ಮನಸ್ಸಿರಲಿಲ್ಲ. ಯಾರಿಗೆ ತಾನೇ ಇರುತ್ತೆ? ಇಡೀ ಮನೆಯವರನ್ನ ಕಳ್ಕೊಂಡ ಜಾಗ. ಆಮೇಲೆ ಹೋಗಿ ಒಂದೊಂದೇ ಜಾಗ ತೋರಿಸಿದರು, ಬಿಲ್ಲು ಹಿಡಿದು ಹೊಂಚು ಹಾಕೋದು, ಈಟಿಯಲ್ಲಿ ಮೀನು ಹಿಡಿಯೋದು ಎಲ್ಲ ಮಾಡಿ ತೋರಿಸಿದರು. ಮೊದಲ ಸ್ಲೈಡ್‌ನಲ್ಲಿರೋ ಫೋಟೋ ಆಗ ತೆಗೆದಿದ್ದು.

8/9
1916ರ ಮಾರ್ಚ್ 25ರಂದು ಇಶಿ ಕ್ಷಯದಿಂದ ತೀರಿಕೊಂಡರು. ಊರಿಗೆ ಬಂದು ಐದು ವರ್ಷವೂ ಆಗಿರಲಿಲ್ಲ. ನೋಡ್ಕೊಂಡ ಡಾಕ್ಟರ್ ಪೋಪ್ ಅವರೇ.

ಸತ್ತ ದೇಹ ಕೊಯ್ಯೋದು ಇಶಿಗೆ ಒಪ್ಪಿತ ಆಗಿರಲಿಲ್ಲ. ಅದು ಕ್ರೋಬರ್ ಅವರಿಗೆ ಗೊತ್ತಿತ್ತು. ಅವರಾಗ ನ್ಯೂಯಾರ್ಕ್‌ನಲ್ಲಿದ್ದರು, ಶವಪರೀಕ್ಷೆ ಬೇಡ ಅಂತ ಕೋಪದಲ್ಲೇ ಪತ್ರ ಬರೆದರು. ಪತ್ರ ತಲುಪೋ ಹೊತ್ತಿಗೆ ಆಗಿಹೋಗಿತ್ತು. ಮೆದುಳು ತೆಗೆದಿಟ್ಟರು. ಉಳಿದ ದೇಹವನ್ನ ದಹನ ಮಾಡಿದರು. ಜೊತೆಗೆ ಅವರದ್ದೊಂದು ಬಿಲ್ಲು, ಐದು ಬಾಣ, ಒಂದು ಬುಟ್ಟಿ ಓಕ್ ಬೀಜದ ಹಿಟ್ಟು, ಸ್ವಲ್ಪ ಹೊಗೆಸೊಪ್ಪು.

ಬೇಡ ಅಂತ ಪತ್ರ ಬರೆದ ಅದೇ ಕ್ರೋಬರ್ ಮುಂದಿನ ವರ್ಷ ಆ ಮೆದುಳನ್ನ ವಾಷಿಂಗ್ಟನ್‌ನ ಸ್ಮಿತ್‌ಸೋನಿಯನ್ ಸಂಸ್ಥೆಗೆ ಕಳಿಸಿಕೊಟ್ಟರು. ನಾನು ಈ ಸಾಲನ್ನ ನಾಲ್ಕು ಕಡೆ ಓದಿ ಖಚಿತ ಮಾಡ್ಕೊಂಡು ಬರೆದೆ, ಯಾಕಂದ್ರೆ ನಂಬೋಕಾಗಲಿಲ್ಲ. ಎಂಬತ್ತು ವರ್ಷ ಅದು ಅಲ್ಲೇ ಇತ್ತು. 1999ರಲ್ಲಿ ಪತ್ತೆ ಆಯ್ತು. 2000ದಲ್ಲಿ ಯಾನಾ ಜನರ ಸಂಬಂಧಿಕರಾದ ರೆಡ್ಡಿಂಗ್ ರಾಂಚೇರಿಯಾ ಮತ್ತೆ ಪಿಟ್ ರಿವರ್ ಬುಡಕಟ್ಟಿನವರು ಅದನ್ನೂ ಬೂದಿಯನ್ನೂ ತಗೊಂಡು ಹೋಗಿ ತಮ್ಮ ನೆಲದಲ್ಲಿ ಮಣ್ಣು ಮಾಡಿದರು. ಎಲ್ಲಿ ಅಂತ ಹೊರಗಿನವರಿಗೆ ಹೇಳಿಲ್ಲ. ಒಳ್ಳೇದಾಯ್ತು. ಈ ಸಲ ಅವರ ಹತ್ತಿರದಿಂದ ಯಾರೂ ಏನೂ ಎತ್ಕೊಂಡು ಹೋಗೋಕಾಗಲ್ಲ.

ಪೋಪ್ 1926ರಲ್ಲಿ ತೀರಿಕೊಂಡರು. ಅವರ ಪುಸ್ತಕ ಓದಿ ಅಮೆರಿಕದಲ್ಲಿ ಎಷ್ಟೋ ಜನ ಬಿಲ್ಲು ಹಿಡಿದರು. 1961ರಲ್ಲಿ ಬಿಲ್ಲು ಬೇಟೆಗಾರರ ಒಂದು ಕ್ಲಬ್ ಶುರು ಆಯ್ತು, ಪೋಪ್ ಮತ್ತು ಅವರ ಗೆಳೆಯ ಆರ್ಥರ್ ಯಂಗ್ ಇಬ್ಬರ ಹೆಸರಲ್ಲಿ. ಅದು ಈಗಲೂ ಇದೆ. ಪೋಪ್ ಮೇಲೆ ನನಗೆ ಕೋಪ ಇಲ್ಲ. ಕಲಿತದ್ದು ಯಾರ ಹತ್ತಿರ ಅಂತ ಅವರು ಮುಚ್ಚಿಟ್ಟಿಲ್ಲ, ಪುಸ್ತಕದಲ್ಲಿ ಇಶಿಗೇ ಜಾಗ ಕೊಟ್ಟಿದ್ದಾರೆ. ಅವರು ಬರೆದಿಡದೇ ಇದ್ದಿದ್ರೆ ಇವತ್ತು ನನಗೆ 42 ಇಂಚು ಅಂತ ಗೊತ್ತಾಗ್ತಿರಲಿಲ್ಲ. ಆದ್ರೂ ಕ್ಲಬ್ಬಿನ ಹೆಸರು ಓದುವಾಗ ಅಜ್ಜಿ ಕೇಳಿದ ಪ್ರಶ್ನೆ ನೆನಪಾಗುತ್ತೆ.

9/9
ಕೊನೆಗೆ ನನ್ನ ಕಥೆ, ಚಿಕ್ಕದು.

ಸಂಕ್ರಾಂತಿಗೆ ಮತ್ತೆ ಊರಿಗೆ ಹೋದಾಗ ಎರಡನೇ ಬಿಲ್ಲಿಗೆ ಕೂತೆ. ದಸರಾದಲ್ಲೇ ಸೀಳಿ ಅಟ್ಟದ ಮೇಲೆ ಬಿಟ್ಟಿದ್ದ ಬಿದಿರಿನ ಇನ್ನೊಂದು ಅರ್ಧ ಅಲ್ಲೇ ಇತ್ತು, ಮೂರು ತಿಂಗಳು ಒಣಗಿತ್ತು. ಜಿಂಕೆ ನಾರು ಎಲ್ಲಿಂದ ತರಲಿ? 1972ರ ವನ್ಯಜೀವಿ ಕಾಯ್ದೆ ಪ್ರಕಾರ ನಮ್ಮಲ್ಲಿ ಬೇಟೆ ಅಪರಾಧ. ತರೋ ಆಸೆಯೂ ಇಲ್ಲ. ಹಾಗಾಗಿ ಗಿಡ್ಡ ಬಿಲ್ಲಿನ ಆಸೆ ಬಿಟ್ಟು ನನ್ನ ಎತ್ತರಕ್ಕೆ ಉದ್ದ ಮಾಡಿದೆ. ಹಸಿರು ಸಿಪ್ಪೆ ಕಡೆ ಚಾಕು ತಾಗಿಸಲಿಲ್ಲ, ಹಿಗ್ಗೋ ಮೈ ಅದೇ. ಒಳಗಡೆಯಿಂದ ಮಾತ್ರ ಒಡೆದ ಗಾಜಿನಲ್ಲಿ ಹೆರೆದೆ. ಹತ್ತು ಸಲ ಹೆರೆಯೋದು, ಒಂದು ಸಲ ಮೆಲ್ಲಗೆ ಬಗ್ಗಿಸಿ ಗೋಡೆಗೆ ಹಿಡಿದು ನೋಡೋದು, ಗಟ್ಟಿ ಇರೋ ಕಡೆಗೆ ಗುರುತು ಹಾಕೋದು, ಮತ್ತೆ ಹೆರೆಯೋದು. ನಾಲ್ಕು ದಿನ ಹಿಡೀತು. ಕೈಯಲ್ಲಿ ಬೊಬ್ಬೆ.

ಮಾಡೋರಿಗೆ ಎರಡು ಮಾತು: ಬಾಣ ಇಲ್ಲದೆ ಹೆದೆ ಎಳೆದು ಬಿಡಬೇಡಿ, ಬಾಣಕ್ಕೆ ಹೋಗಬೇಕಾದ ಶಕ್ತಿ ಪೂರ್ತಿ ಬಿಲ್ಲಿಗೇ ವಾಪಸ್ ಹೊಡೆದು ಅದು ಒಡೆಯುತ್ತೆ. ಮೊದಲ ಸಲ ಎಳೆಯುವಾಗ ಕಣ್ಣಿಗೆ ಕನ್ನಡಕ ಹಾಕ್ಕೊಳ್ಳಿ, ಮುಖದ ಹತ್ತಿರ ಬೇಡ. ತಮ್ಮನ ಕೆನ್ನೆ ಮೇಲೆ ಗೆರೆ ಇನ್ನೂ ಇದೆ.

ಬಿಲ್ಲು ಮುರೀಲಿಲ್ಲ. ಬಾಣ ತೆಂಗಿನಮರಕ್ಕೆ ಗುರಿ ಇಟ್ಟಿದ್ದು ಹುಲ್ಲಿನ ಬಣವೆಗೆ ಹೋಯ್ತು, ಆ ಮಾತು ಬೇರೆ. ಇಶಿ ಪ್ರಕಾರ ಮರಳು ನೀರಲ್ಲಿ ತೊಳೀಬೇಕಿತ್ತೇನೋ, ನಾನೇ ಮುಟ್ಟಿದ್ದೀನಲ್ಲ. ತೊಳೀಲಿಲ್ಲ. ಹೆದೆ ಬಿಚ್ಚಿ, ಅಟ್ಟದ ಮೇಲೆ ಅಡ್ಡ ಮಲಗಿಸಿ ಬಂದಿದ್ದೀನಿ. ತಮ್ಮನಿಗೆ ದಾಟಬೇಡ ಅಂತ ಹೇಳಿದ್ದೀನಿ.

ಮುಂದಿನ ವಾರದಿಂದ ಇಂಟರ್ನಲ್ಸ್. ಎರಡು ವಾರ ಪೋಸ್ಟ್ ಇರಲ್ಲ.